4.4 ಕರ್ನೆಲ್‌ಗೆ 5.4ರ ಡ್ರೈವರ್ ಇಳಿಸಿದ ಕಥೆ

ಮಳೆಗಾಲಕ್ಕೆ ಮೊದಲಿನ ಸಿಡಿಲಿಗೆ ಬದಿಯಡ್ಕದ ಮಾವನ ಅಡಿಕೆ ಅಂಗಡಿಯ ಕಂಪ್ಯೂಟರಿನ ಲ್ಯಾನ್ ಪೋರ್ಟ್ ಸುಟ್ಟುಹೋಯಿತು. ಹೊಸ ಕಾರ್ಡ್ ತಂದು ಹಾಕಿದೆ. ಆರ್‌ಟಿಎಲ್8125 ಚಿಪ್. ಕಾರ್ಡ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಕಮಾಂಡಿನಲ್ಲಿ ಕಾಣುತ್ತದೆ, ನೆಟ್ ಮಾತ್ರ ಇಲ್ಲ. ಅಲ್ಲಿರುವುದು ಉಬುಂಟು 16.04 ಲಿನಕ್ಸ್, ಅದರ ತಿರುಳಾದ ಕರ್ನೆಲ್ 4.4. ಇಂಥ ಚಿಪ್‌ಗಳನ್ನು ನಡೆಸುವ, ಕರ್ನೆಲ್ ಒಳಗಿನ ಆರ್8169 ಡ್ರೈವರಿಗೆ ಈ ಚಿಪ್ ಸೇರಿದ್ದು ಕರ್ನೆಲ್ 5.4ರಲ್ಲಿ.

ಕರ್ನೆಲ್ ಏರಿಸಿದರೆ ಆಯ್ತಲ್ವಾ? ಆಗುವುದಿಲ್ಲ. ತೂಕದ ಯಂತ್ರಕ್ಕೆ ಹೋಗುವ ಸೀರಿಯಲ್ ಕಾರ್ಡಿನ ಡ್ರೈವರ್ ಮಾಡ್ಯೂಲ್ 4.4ಕ್ಕೆಂದೇ ಕಂಪೈಲ್ ಆಗಿ ಬಂದದ್ದು, ಹೊಸದಕ್ಕೆ ಮತ್ತೆ ಕಂಪೈಲ್ ಮಾಡಲು ಸೋರ್ಸ್ ಇಲ್ಲ.

ಚಿಪ್‌ನವರದೇ ಬೇರೆ ಡ್ರೈವರ್ ಸಿಗುತ್ತದೆ, ಹಳೆ ಕರ್ನೆಲ್‌ಗೂ ಆಗುತ್ತದೆ. ಅಂಗಡಿಗೆ ಅದನ್ನೇ ಹಾಕಿ ಕೊಟ್ಟೆ. ಆದರೆ ಕರ್ನೆಲ್ ಒಳಗಿನ ಡ್ರೈವರನ್ನೇ ಕೆಳಗಿಳಿಸಿ ನೋಡುವ ಹುಚ್ಚು ಬಿಡಲಿಲ್ಲ. ಇನ್ನೊಂದು ಕಾರ್ಡ್ ತಂದು ಮನೆಯ ಹಳೆ ಡಬ್ಬಾದ ಮುಂದೆ ಕೂತೆ.

5.4ರ ಡ್ರೈವರ್ ಕೋಡನ್ನು 4.4ಕ್ಕೆ ಕಂಪೈಲ್ ಮಾಡಲು ಮೊದಲ ಸಲ ಮೇಕ್ ಕಮಾಂಡ್ ಕೊಟ್ಟಾಗ ಪರದೆ ತುಂಬ ಎರರ್. ಇವು ಒಳ್ಳೆಯ ಎರರ್‌ಗಳು, ಏನಿಲ್ಲ ಎಂದು ಹೆಸರು ಹೇಳಿಯೇ ಬೈಯುತ್ತವೆ. ಕಾರ್ಡ್ ಕರ್ನೆಲ್ಲನ್ನು ಕೂಗಿ ಕರೆಯುವುದಕ್ಕೆ ಇಂಟರಪ್ಟ್ ಎನ್ನುತ್ತಾರೆ; ಅದಕ್ಕೆ ಬೇಕಾದ ಐಆರ್‌ಕ್ಯೂ ವೆಕ್ಟರ್ ಕೇಳುವ ಫಂಕ್ಷನ್ ಬಂದದ್ದು 4.8ರಲ್ಲಿ. ಅದರ ಜಾಗದಲ್ಲಿ ಅದೇ ಕೆಲಸದ ಹಳೆಯ ಎಂಎಸ್‌ಐ ಫಂಕ್ಷನ್ ಹಾಕಿದೆ. ಕಷ್ಟ ಇದ್ದದ್ದು ಫೈಲಿಬ್‌ನಲ್ಲಿ, ಎಂದರೆ ಕೇಬಲ್ ಕಡೆಯ ಲಿಂಕ್ ನೋಡಿಕೊಳ್ಳುವ ಕರ್ನೆಲ್ ಕೋಡಿನಲ್ಲಿ. 4.19ರಿಂದ ಈ ಡ್ರೈವರ್ ಅದರ ಮೇಲೆಯೇ ನಿಂತಿದೆ. ಒಬ್ಬ ನೆಂಟನನ್ನು ಕರೆದರೆ ಇಡೀ ಮನೆಯವರು ಬಂದ ಹಾಗೆ. ಆ ಭಾಗ ಕತ್ತರಿಸಿ 4.4ರ ಡ್ರೈವರಿನ ಹಳೆ ಕೋಡ್ ಜೋಡಿಸಿದೆ. 2.5 ಗಿಗಾಬಿಟ್ ವೇಗ ಹೋಯಿತು, 1 ಧಾರಾಳ ಸಾಕು.

ಕಂಪೈಲ್ ಆಯಿತು, ಲೋಡ್ ಆಯಿತು, ಲಿಂಕ್ ಲೈಟೂ ಹೊತ್ತಿತು. ಐಪಿ ವಿಳಾಸ ಮಾತ್ರ ಬರಲಿಲ್ಲ. ಎರಡು ರಾತ್ರಿ ಹೋಯಿತು. ಇಂಟರಪ್ಟ್‌ಗಳ ಎಣಿಕೆ ತೋರಿಸುವ /ಪ್ರೋಕ್/ಇಂಟರಪ್ಟ್ಸ್ ಫೈಲ್ ನೋಡುತ್ತಾ ಕೂತಾಗ ಗೊತ್ತಾಯಿತು, ಮೊದಲ ಪ್ಯಾಕೆಟ್ ಹೊರಟ ಕೂಡಲೇ ಎಣಿಕೆ ನಿಂತುಬಿಡುತ್ತದೆ.

ತಪ್ಪು ನನ್ನದೇ. ಸುಲಭ ಎಂದು ಪ್ಯಾಕೆಟ್ ಕಳಿಸುವ ಫಂಕ್ಷನ್ನನ್ನೂ ಹಳೆಯದರಿಂದಲೇ ಎತ್ತಿ ಹಾಕಿದ್ದೆ. ಹಳೆ ಚಿಪ್‌ನಲ್ಲಿ 0ಎಕ್ಸ್38 ವಿಳಾಸ ಎಂದರೆ "ಪ್ಯಾಕೆಟ್ ಇದೆ, ತಗೋ" ಎಂದು ಗಂಟೆ ಹೊಡೆಯುವ ರಿಜಿಸ್ಟರ್, ಚಿಪ್ ಒಳಗಿನ ಒಂದು ಖಾನೆ. 8125ರಲ್ಲಿ ಗಂಟೆ 0ಎಕ್ಸ್90ಕ್ಕೆ ಹೋಗಿದೆ, 0ಎಕ್ಸ್38ರಲ್ಲಿ ಕೂತಿರುವುದು ಯಾವ ಇಂಟರಪ್ಟ್ ಬಿಡಬೇಕು, ಯಾವುದು ಬೇಡ ಎಂದು ಹೇಳುವ ಇಂಟರಪ್ಟ್ ಮಾಸ್ಕ್. ನಾನು ಗಂಟೆ ಹೊಡೆದೆ ಅಂದುಕೊಂಡು ಪ್ರತಿ ಸಲ ಚಿಪ್‌ನ ಬಾಯಿ ಮುಚ್ಚುತ್ತಿದ್ದೆ. ಕಂಪೈಲರಿಗೆ ಇದು ಹೇಗೆ ಗೊತ್ತಾಗಬೇಕು? ಒಂದು ಸಾಲು ತಿದ್ದಿದೆ, ಪಿಂಗ್ ಬಂತು.

ಖುಷಿಯಲ್ಲಿ ಅಂಗಡಿಗೆ ಹೋಗಿ ನನ್ನ ಡ್ರೈವರ್ ಹಾಕುತ್ತೇನೆ ಎಂದೆ. ಮಾವ ಅಡಿಕೆ ತೂಗುತ್ತಲೇ, "ನಡೀತಾ ಇರುವುದನ್ನು ಯಾಕೆ ಮುಟ್ಟುವುದು ಮಾರಾಯ?" ಅಂದರು. ಹೊರಗೆ ಗುಡುಗು ಕೇಳಿತು. ಎದ್ದು ಹೋಗಿ ಲ್ಯಾನ್ ವೈರ್ ಕಿತ್ತಿಟ್ಟರು.