ಹಳೆ ಕಾರಿನ ಚಾವಣಿಗೆ ಹೊಸ ಬಟ್ಟೆ ಹಾಕುವುದು ಹೇಗೆ?

ಹಿಂದಿನ ಸೀಟಿನಲ್ಲಿ ಕೂತವರ ತಲೆಗೆ ಬಟ್ಟೆ ತಾಗುತ್ತದೆ. ಕಾರಿನಿಂದ ಇಳಿದರೆ ಹೆಗಲ ಮೇಲೆ ಕಂದು ಬಣ್ಣದ ಪುಡಿ. ಹಳೆ ಕಾರು ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ಪಾಡು. ಹೊರಗೆ ಎಷ್ಟೇ ಚೆನ್ನಾಗಿ ಪೇಂಟ್ ಮಾಡಿಸಿದರೂ ಒಳಗೆ ಚಾವಣಿ ಜೋತುಬಿದ್ದಿದ್ದರೆ ಕಾರಿಗೆ ಕಳೆಯೇ ಇರುವುದಿಲ್ಲ.

ಈ ಬಟ್ಟೆಯನ್ನು ಹೆಡ್‌ಲೈನರ್ ಅನ್ನುತ್ತಾರೆ. ಮನೆಯಲ್ಲೇ ಬದಲಾಯಿಸಬಹುದು. ಎರಡು ಪೂರ್ತಿ ದಿನ ಎತ್ತಿಡಿ, ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ. ತುಂಬಾ ಜನ ಇದನ್ನು ಅಂಟಿನ ಕೆಲಸ ಅಂದುಕೊಳ್ಳುತ್ತಾರೆ. ಅಲ್ಲ, ಇದು ಎಳೆಯುವ ಕೆಲಸ. ಯಾವ ಕಡೆಯಿಂದ ಎಳೆಯುತ್ತೀರಿ, ಎಷ್ಟು ಎಳೆಯುತ್ತೀರಿ, ಯಾವುದಾದ ಮೇಲೆ ಯಾವುದು ಅನ್ನುವುದೇ ಮುಖ್ಯ. ಅದು ಸರಿಯಾದರೆ ಅಂಟು ತಾನಾಗಿ ಕೂರುತ್ತದೆ.

ನಿಮ್ಮದು ಯಾವ ಬಗೆ?

ಚಾವಣಿಯನ್ನು ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ಬಟ್ಟೆಯ ಹಿಂದೆ ಟೊಳ್ಳು ಇದ್ದು, ಅಡ್ಡಡ್ಡ ಹೊಲಿಗೆ ಸಾಲುಗಳು ಕಂಡರೆ ಅದು ಕಂಬಿ ಬಗೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್, 1960ರ ದಶಕದ ಫೋರ್ಡ್ ಮಸ್ಟ್ಯಾಂಗ್ ಈ ಬಗೆಯವು. ಬಟ್ಟೆಯ ಮೇಲ್ಭಾಗದಲ್ಲಿ ಉದ್ದನೆಯ ಮಡಿಕೆಗಳನ್ನು ಹೊಲಿದಿರುತ್ತಾರೆ. ಪೈಜಾಮಕ್ಕೆ ಲಾಡಿ ಪೋಣಿಸುವ ಹಾಗೆ ಆ ಮಡಿಕೆಯೊಳಗೆ ಬಾಗಿದ ಉಕ್ಕಿನ ಕಂಬಿ ಪೋಣಿಸಿ, ಕಂಬಿಯ ಎರಡೂ ತುದಿಗಳನ್ನು ಚಾವಣಿಯ ಪಕ್ಕದ ತೂತುಗಳಿಗೆ ಸಿಕ್ಕಿಸಿರುತ್ತಾರೆ.

ಒತ್ತಿದಾಗ ಗಟ್ಟಿ ಹಲಗೆ ಸಿಕ್ಕಿದರೆ ಅದು ಬೇರೆ ಬಗೆ. ಅಚ್ಚಿನಲ್ಲಿ ಒತ್ತಿ ಮಾಡಿದ ಹಲಗೆಗೆ, ತೆಳು ಫೋಮ್ ಇರುವ ಬಟ್ಟೆ ಅಂಟಿಸಿರುತ್ತಾರೆ. ಸೆಕೆ ಮತ್ತು ತೇವಕ್ಕೆ ಆ ಫೋಮ್ ವರ್ಷಗಳ ಮೇಲೆ ಪುಡಿಯಾಗುತ್ತದೆ. ಬಟ್ಟೆ ಚೆನ್ನಾಗೇ ಇದ್ದರೂ ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಗುಂಡುಪಿನ್ನು ಚುಚ್ಚುವುದು, ಸಂದಿಯಲ್ಲಿ ಅಂಟು ಸುರಿಯುವುದು ಎಲ್ಲ ದಂಡ. ಹಲಗೆ ಬಗೆಯ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ. ಕಷ್ಟ ಇರುವುದು ಕಂಬಿ ಬಗೆಯಲ್ಲಿ, ಹಾಗಾಗಿ ಮೊದಲು ಅದು.

ಬಿಚ್ಚುವುದು

ಬ್ಯಾಟರಿ ತಂತಿ ತೆಗೆಯಿರಿ. ಆಮೇಲೆ ಸನ್ ವೈಸರ್, ಒಳಗಿನ ಕನ್ನಡಿ, ಹಿಡಿಕೆಗಳು, ಕೋಟು ಕೊಕ್ಕೆ, ಒಳಗಿನ ದೀಪ, ಬಾಗಿಲಿನ ಸುತ್ತಲಿನ ಬೀಡಿಂಗ್ (ಅಂಚು ಮುಚ್ಚುವ ಪಟ್ಟಿ). ಮುಂದಿನ ಸೀಟುಗಳನ್ನೂ ತೆಗೆದುಬಿಡಿ, ತಲೆ ಎತ್ತಿ ಕೆಲಸ ಮಾಡಲು ಜಾಗ ಸಿಗುತ್ತದೆ. ಪ್ರತಿ ಜಾಗದ ಸ್ಕ್ರೂಗಳಿಗೆ ಒಂದೊಂದು ಕವರ್, ಮೇಲೆ ಹೆಸರು. ಹೆಜ್ಜೆಹೆಜ್ಜೆಗೂ ಫೋಟೋ ತೆಗೆದಿಡಿ.

ಇನ್ನು ಗಾಜು. ಕಂಬಿ ಬಗೆಯ ಹೆಚ್ಚಿನ ಕಾರುಗಳಲ್ಲಿ ಬಟ್ಟೆಯ ಅಂಚು ಮುಂದಿನ ಮತ್ತು ಹಿಂದಿನ ಗಾಜಿನ ರಬ್ಬರ್ ಅಡಿಗೆ ಹೋಗಿರುತ್ತದೆ. ಗಾಜು ತೆಗೆಯದೆ ಅಂಚನ್ನು ರಬ್ಬರ್ ಕೆಳಗೆ ತುರುಕುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಹಿಡಿತ ಸಾಲದೆ ಸ್ವಲ್ಪ ದಿನಕ್ಕೆ ಬಟ್ಟೆ ಸಡಿಲವಾಗುತ್ತದೆ. ಗಾಜು ತೆಗೆಯಲು ಇಬ್ಬರು ಬೇಕು. ಒಬ್ಬರು ಒಳಗಿನಿಂದ ರಬ್ಬರಿನ ತುಟಿಯನ್ನು ಚಪ್ಪಟೆ ಪ್ಲಾಸ್ಟಿಕ್ ತುಂಡಿನಿಂದ ಬಿಡಿಸುತ್ತಾ ಹೋದರೆ, ಇನ್ನೊಬ್ಬರು ಹೊರಗೆ ಗಾಜನ್ನು ಹಿಡಿದುಕೊಳ್ಳಬೇಕು. ರಬ್ಬರ್ ಗಟ್ಟಿಯಾಗಿದ್ದರೆ ಅದನ್ನು ಉಳಿಸಲು ಹೋಗಬೇಡಿ, ಕತ್ತರಿಸಿ ಹೊಸದು ಹಾಕಿ. ಹಳೆ ರಬ್ಬರ್ ಉಳಿಸಲು ಹೋಗಿ ಗಾಜು ಒಡೆದುಕೊಂಡರೆ ಆ ಕಾರಿನ ಗಾಜು ಮತ್ತೆ ಸಿಗುವುದು ಸುಲಭ ಅಲ್ಲ.

ಬಟ್ಟೆ ಕೀಳುವಾಗ ಮಾಸ್ಕ್, ಕನ್ನಡಕ ಎರಡೂ ಹಾಕಿಕೊಳ್ಳಿ. ಎಷ್ಟೋ ವರ್ಷದ ಧೂಳು ನೇರ ಮುಖಕ್ಕೇ ಬೀಳುತ್ತದೆ. ಸಿಟ್ಟಿನಿಂದ ಎಳೆದು ಹರಿಯಬೇಡಿ. ಅಂಚುಗಳನ್ನು ಬಿಡಿಸಿ, ಬಟ್ಟೆಯನ್ನು ಇಡಿಯಾಗಿ ಇಳಿಸಿ. ಮಡಿಕೆಗಳ ಸಮೇತ ಹೊಸ ಬಟ್ಟೆ ಹೊಲಿಸಲು ಅದೇ ಅಳತೆ.

ಕಂಬಿಗಳ ಲೆಕ್ಕ

ಇಲ್ಲಿ ಒಂದು ನಿಮಿಷ ನಿಲ್ಲಿ. ಕಂಬಿಗಳನ್ನು ಒಂದೊಂದಾಗಿ ತೆಗೆಯಿರಿ. ತೆಗೆದ ಕೂಡಲೇ ಮಾಸ್ಕಿಂಗ್ ಟೇಪ್ ಸುತ್ತಿ, ಮುಂದಿನಿಂದ 1, 2, 3 ಎಂದು ಬರೆಯಿರಿ. ಎಡ ತುದಿ ಯಾವುದು, ಬಲ ತುದಿ ಯಾವುದು ಅದನ್ನೂ ಬರೆಯಿರಿ. ಕೆಲವು ಕಾರುಗಳಲ್ಲಿ ಒಂದೇ ಕಂಬಿಗೆ ಒಂದರ ಪಕ್ಕ ಒಂದು ಎರಡು ಮೂರು ತೂತುಗಳಿರುತ್ತವೆ. ಯಾವುದರಲ್ಲಿ ಸಿಕ್ಕಿಸಿತ್ತು ಅಂತ ಗುರುತು ಮಾಡದಿದ್ದರೆ ಆಮೇಲೆ ಪರದಾಟ.

ಎಲ್ಲ ಕಂಬಿಗಳೂ ನೋಡಲು ಒಂದೇ ಥರ. ನನ್ನ ಮೊದಲ ಕಾರಿನಲ್ಲಿ ಅದನ್ನೇ ನಂಬಿ ಗೋಡೆಗೆ ಒರಗಿಸಿಟ್ಟಿದ್ದೆ. ಹೊಸ ಬಟ್ಟೆ ಏರಿಸಿದ ಮೇಲೆ ನಡುವೆ ಒಂದು ಕಡೆ ಉಬ್ಬಿದಂತೆ, ಅದರ ಹಿಂದೆಯೇ ತಗ್ಗಿದಂತೆ ಕಾಣುತ್ತಿತ್ತು. ಬಟ್ಟೆ ಹೊಲಿದದ್ದೇ ತಪ್ಪು ಅಂದುಕೊಂಡೆ. ಕೊನೆಗೆ ಎಲ್ಲ ಇಳಿಸಿ, ಕಂಬಿಗಳನ್ನು ನೆಲದ ಮೇಲೆ ಒಂದರ ಮೇಲೊಂದು ಇಟ್ಟಾಗ ಗೊತ್ತಾಯಿತು: 3 ಮತ್ತು 4 ಅದಲುಬದಲು. ಬಾಗಿನಲ್ಲಿ ಇದ್ದ ವ್ಯತ್ಯಾಸ ಒಂದು ಬೆರಳಿನಷ್ಟೂ ಇರಲಿಲ್ಲ. ಅಷ್ಟಕ್ಕೇ ಒಂದು ದಿನದ ಕೆಲಸ ಹೋಯಿತು.

ಕಂಬಿಗೆ ತುಕ್ಕು ಹಿಡಿದಿದ್ದರೆ ಸ್ಯಾಂಡ್ ಪೇಪರ್‌ನಿಂದ ಉಜ್ಜಿ ಪೇಂಟ್ ಹೊಡೆಯಿರಿ. ಹಾಗೇ ಬಿಟ್ಟರೆ ತೇವದ ದಿನಗಳಲ್ಲಿ ಹೊಸ ಬಟ್ಟೆಯ ಮೇಲೆ ಕಂದು ಗೆರೆ ಮೂಡುತ್ತದೆ.

ತಗಡು ಕಣ್ಣಿಗೆ ಬೀಳುವ ದಿನ

ಚಾವಣಿಯ ತಗಡು ಒಳಗಿನಿಂದ ಕಾಣುವುದು ಈಗ ಮಾತ್ರ. ಮೂಲೆಮೂಲೆಗೂ ಟಾರ್ಚ್ ಬಿಡಿ. ತುಕ್ಕು ಇದ್ದಲ್ಲಿ ತಂತಿ ಬ್ರಷ್‌ನಿಂದ ಉಜ್ಜಿ ಪ್ರೈಮರ್ ಹೊಡೆಯಿರಿ. ಗಾಜು ಕೂರುವ ಅಂಚನ್ನು ಇನ್ನೂ ಎಚ್ಚರಿಕೆಯಿಂದ ನೋಡಿ, ನೀರು ಒಳಗೆ ಬರುವುದು ಅಲ್ಲಿಂದಲೇ ಜಾಸ್ತಿ. ಒಳಗಿನ ದೀಪದ ತಂತಿ ಹಳತಾಗಿದ್ದರೆ ಹೊಸದು ಎಳೆಯಿರಿ. ಹಳೆ ಅಂಟನ್ನು ಕೆರೆದು ತೆಗೆಯಿರಿ. ಬಟ್ಟೆಗೆ ಮೊಳೆ ಹೊಡೆಯುವ ಪಟ್ಟಿ ನಿಮ್ಮ ಕಾರಿನಲ್ಲಿದ್ದು ಅದು ಪುಡಿಯಾಗಿದ್ದರೆ ಅದನ್ನೂ ಬದಲಾಯಿಸಿ.

ಬಿಸಿಲಿನ ಕಾವು, ಮಳೆಯ ಸದ್ದು ತಡೆಯಲು ತಗಡಿಗೆ ತೆಳು ಫೋಮ್ ಹಾಳೆ ಅಂಟಿಸಬಹುದು. ನೀರು ಹೀರದ ಬಗೆಯದ್ದೇ ಬೇಕು. ನೀರು ಹೀರುವಂಥದ್ದು ತಗಡಿಗೆ ತೇವವನ್ನು ಒತ್ತಿ ಹಿಡಿದು ತುಕ್ಕು ತರಿಸುತ್ತದೆ. ದಪ್ಪವೂ ಜಾಸ್ತಿ ಬೇಡ, ಕಂಬಿಗೆ ತಾಗಬಾರದು.

ಹೊಸ ಬಟ್ಟೆ ಏರಿಸುವುದು

ಮಡಚಿ ಬಂದ ಬಟ್ಟೆಯನ್ನು ಹಾಗೇ ಹಾಕಬೇಡಿ. ಬಿಚ್ಚಿ ಒಂದೆರಡು ಗಂಟೆ ಬಿಸಿಲಲ್ಲಿ ಹರಡಿ. ವಿನೈಲ್ (ಪ್ಲಾಸ್ಟಿಕ್ ಬಗೆಯ ಬಟ್ಟೆ) ಆದರಂತೂ ಬೆಚ್ಚಗಿದ್ದಾಗ ಹೇಳಿದ ಮಾತು ಕೇಳುತ್ತದೆ, ತಣ್ಣಗಿದ್ದಾಗ ಕೇಳುವುದಿಲ್ಲ.

ಬಟ್ಟೆಯನ್ನು ಉದ್ದಕ್ಕೆ ಸರಿಯಾಗಿ ಎರಡಾಗಿ ಮಡಚಿ, ಹಿಂಬದಿಯಲ್ಲಿ ಸೀಮೆಸುಣ್ಣದಿಂದ ನಡುಗೆರೆ ಎಳೆಯಿರಿ. ಕಾರಿನಲ್ಲೂ ಮುಂದಿನ ಗಾಜಿನ ಅಂಚಿನ ನಡು, ಹಿಂದಿನ ಗಾಜಿನ ಅಂಚಿನ ನಡು ಅಳೆದು ಗುರುತು ಹಾಕಿ. ಈ ಗುರುತುಗಳು ಒಂದಕ್ಕೊಂದು ಕೂಡದಿದ್ದರೆ ಮುಂದೆ ಯಾವುದೂ ಕೂಡುವುದಿಲ್ಲ.

ವೈಸರ್, ಕನ್ನಡಿ, ಹಿಡಿಕೆಗಳ ಸ್ಕ್ರೂಗಳನ್ನು ಬಟ್ಟೆ ಏರಿಸುವ ಮುಂಚೆಯೇ ಬರೀ ತೂತಿಗೆ ಅರ್ಧ ತಿರುಗಿಸಿಡಿ. ಬಟ್ಟೆ ಬಂದ ಮೇಲೆ ಅವು ಸಣ್ಣ ಗುಳ್ಳೆಯಂತೆ ಬೆರಳಿಗೆ ಸಿಗುತ್ತವೆ. ಇಲ್ಲದಿದ್ದರೆ ತೂತು ಹುಡುಕುತ್ತಾ ಹೊಸ ಬಟ್ಟೆಯನ್ನೆಲ್ಲ ಚುಚ್ಚಬೇಕಾಗುತ್ತದೆ.

ಕಂಬಿಗಳನ್ನು ನಂಬರಿನಂತೆ ಮಡಿಕೆಗಳಿಗೆ ಪೋಣಿಸಿ. ಕಾರಿನೊಳಗೆ ತಂದು ಹಿಂದಿನ ಕಂಬಿಯಿಂದ ಸಿಕ್ಕಿಸಲು ಶುರು ಮಾಡಿ. ಹಲವು ಕಾರುಗಳಲ್ಲಿ ಹಿಂದಿನ ಕಂಬಿ ಮುಂದಕ್ಕೆ ವಾಲದಂತೆ ಚಾವಣಿಯಿಂದ ಸಣ್ಣ ತಂತಿ ಕೊಕ್ಕೆಗಳು ಬಂದಿರುತ್ತವೆ, ಅವಕ್ಕೆ ಸಿಕ್ಕಿಸುವುದನ್ನು ಮರೆಯಬೇಡಿ. ಮಡಿಕೆಯ ತುದಿಗಳು ಉದ್ದ ಇದ್ದರೆ ಪಕ್ಕದಲ್ಲಿ ಬಟ್ಟೆ ಮುದುಡುತ್ತದೆ. ಬರೀ ಮಡಿಕೆಯನ್ನು ಎರಡೂ ಕಡೆ ಸಮವಾಗಿ, ಒಂದೊಂದು ಸೆಂಟಿಮೀಟರ್‌ನಷ್ಟು ಕತ್ತರಿಸಿ ನೋಡುತ್ತಾ ಹೋಗಿ. ಜಾಸ್ತಿ ಕತ್ತರಿಸಿದರೆ ಕಂಬಿ ತುದಿಯಲ್ಲಿ ಬಟ್ಟೆಗೆ ಆಸರೆ ಹೋಗುತ್ತದೆ.

ಎಳೆಯುವ ಕ್ರಮ

ಅಂಟಿನ ಡಬ್ಬಿ ಇನ್ನೂ ತೆಗೆಯಬೇಡಿ. ಒಂದು ರಾಶಿ ಬೈಂಡರ್ ಕ್ಲಿಪ್ ತೆಗೆದುಕೊಳ್ಳಿ. ಹಿಂದೆ ನಡುಗೆರೆಯಲ್ಲಿ ಒಂದು ಕ್ಲಿಪ್. ಮುಂದಕ್ಕೆ ಬಂದು ಎಳೆದು ನಡುಗೆರೆಯಲ್ಲಿ ಇನ್ನೊಂದು. ಆಮೇಲೆ ಪಕ್ಕಗಳು. ಕಾರಿನ ನಡುವಿನ ಹೊಲಿಗೆ ಸಾಲನ್ನೇ ಹಿಡಿದು ಎಡಕ್ಕೆ ಎಳೆದು ಒಂದು ಕ್ಲಿಪ್, ಅದೇ ಸಾಲನ್ನು ಬಲಕ್ಕೆ ಎಳೆದು ಒಂದು. ಹೀಗೆ ನಡುವಿನಿಂದ ತುದಿಗಳ ಕಡೆಗೆ. ಮೊದಲು ಹೊಲಿಗೆ ಸಾಲುಗಳು ನೇರವಾಗಲಿ, ಸಾಲುಗಳ ನಡುವಿನ ಬಟ್ಟೆಯನ್ನು ಆಮೇಲೆ ನೋಡಿಕೊಂಡರಾಯಿತು. ಮೂಲೆಗಳು ಎಲ್ಲಕ್ಕಿಂತ ಕೊನೆಗೆ.

ಈಗ ಸುಮ್ನೆ ಹಿಂದಿನ ಸೀಟಿನಲ್ಲಿ ಕೂತು ಮೇಲೆ ನೋಡಿ. ಸುಕ್ಕುಗಳು ತಾವೇ ದಾರಿ ಹೇಳುತ್ತವೆ. ಸುಕ್ಕು ಕಂಬಿಯ ಉದ್ದಕ್ಕೇ ಅಡ್ಡ ಬಿದ್ದಿದ್ದರೆ ಮುಂದಕ್ಕೋ ಹಿಂದಕ್ಕೋ ಎಳೆತ ಸಾಲದು. ಮುಂದಿನಿಂದ ಹಿಂದಕ್ಕೆ ಉದ್ದುದ್ದ ಬಿದ್ದಿದ್ದರೆ ಪಕ್ಕಗಳ ಎಳೆತ ಸಾಲದು. ಒಂದು ಜಾಗದಿಂದ ಓರೆಯಾಗಿ ಕಿರಣಗಳ ಹಾಗೆ ಹರಡಿದ್ದರೆ ಅಲ್ಲಿ ಎಳೆತ ಜಾಸ್ತಿಯಾಗಿದೆ, ಆ ಕ್ಲಿಪ್ ಸಡಿಲ ಮಾಡಿ. ಎಷ್ಟೋ ಸಲ ನಾವು ಇದನ್ನು ಉಲ್ಟಾ ಮಾಡುತ್ತೇವೆ ಅಲ್ವಾ? ಸುಕ್ಕು ಕಂಡಲ್ಲೆಲ್ಲ ಇನ್ನೂ ಜೋರಾಗಿ ಎಳೆಯುತ್ತೇವೆ, ಸುಕ್ಕು ಇನ್ನೂ ಜಾಸ್ತಿಯಾಗುತ್ತದೆ.

ಎರಡು ಮೂರು ಸುತ್ತು ಹೀಗೆ ಸರಿಮಾಡಿ. ಅರ್ಧ ದಿನ ಹೋದರೂ ಪರವಾಗಿಲ್ಲ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಖುಷಿ ಕೊಡುವ ಹೊತ್ತು ಇದೇ. ಒಂದು ಕ್ಲಿಪ್ ಅರ್ಧ ಬೆರಳು ಸರಿಸಿದರೆ ಆ ಕಡೆಯ ಮೂಲೆಯಲ್ಲಿದ್ದ ಸುಕ್ಕು ಕಣ್ಣೆದುರೇ ಮಾಯವಾಗುತ್ತದೆ.

ಅಂಟು

ಸೆಕೆ ತಡೆಯುವ ಕಾಂಟ್ಯಾಕ್ಟ್ ಅಂಟು ತೆಗೆದುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನ ತಗಡು ಕೈ ಸುಡುವಷ್ಟು ಕಾಯುತ್ತದೆ, ಸಾದಾ ಅಂಟು ಕರಗಿ ಬಿಡುತ್ತದೆ. ಮೊದಲು ಮಿಕ್ಕಿದ ತುಂಡು ಬಟ್ಟೆಯ ಮೇಲೆ ಹಚ್ಚಿ, ಅಂಟು ಈಚೆಗೆ ಇಳಿದು ಕಲೆ ಮಾಡುತ್ತದೋ ನೋಡಿ. ಬಾಗಿಲುಗಳೆಲ್ಲ ತೆರೆದಿರಲಿ. ಅಂಟಿನ ಆವಿ ತಲೆ ಸುತ್ತಿಸುತ್ತದೆ, ಬೆಂಕಿಯೂ ಬೇಗ ಹತ್ತುತ್ತದೆ. ಹತ್ತಿರ ಬೆಂಕಿ, ಬೀಡಿ ಸಿಗರೇಟು, ಹೀಟ್ ಗನ್ ಯಾವುದೂ ಬೇಡ.

ಒಂದು ಸಲಕ್ಕೆ ಗೇಣುದ್ದ ಮಾತ್ರ. ಕ್ಲಿಪ್ ತೆಗೆದು ತಗಡಿಗೂ ಬಟ್ಟೆಗೂ ತೆಳ್ಳಗೆ ಹಚ್ಚಿ. ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗುವ ತನಕ ಕಾಯಿರಿ. ಆಮೇಲೆ ಎಳೆದು ಅಂಟಿಸಿ, ಮತ್ತೆ ಕ್ಲಿಪ್ ಹಾಕಿ. ಕ್ರಮ ಅದೇ: ಹಿಂದೆ, ಮುಂದೆ, ಪಕ್ಕಗಳು, ಮೂಲೆಗಳು. ಬಾಗಿದ ಅಂಚಿನಲ್ಲಿ ಬಟ್ಟೆ ತಿರುಗದಿದ್ದರೆ ಸಣ್ಣ ಸಣ್ಣ ಕತ್ತರಿ ಗುರುತು ಕೊಡಿ, ಆದರೆ ಅದು ಬೀಡಿಂಗ್ ಮುಚ್ಚುವ ಜಾಗ ದಾಟಿ ಒಳಗೆ ಬರಬಾರದು. ಮಿಕ್ಕ ಅಂಚನ್ನು ಇವತ್ತೇ ಕತ್ತರಿಸಬೇಡಿ. ಒಂದು ರಾತ್ರಿ ಬಿಡಿ, ಬೆಳಗ್ಗೆ ಎಲ್ಲಾದರೂ ಸಡಿಲ ಕಂಡರೆ ಎಳೆಯಲು ಹಿಡಿ ಬೇಕಲ್ಲ.

ಹಲಗೆ ಬಗೆಯಾದರೆ

ಹಲಗೆಯನ್ನು ಮಡಚದೆ ಅಗಲವಾದ ಬಾಗಿಲಿನಿಂದ ಹೊರಗೆ ತನ್ನಿ, ಮುರಿದರೆ ಗೆರೆ ಉಳಿಯುತ್ತದೆ. ಬಟ್ಟೆ ಸುಲಿದ ಮೇಲೆ ಉಳಿದ ಫೋಮ್ ಪುಡಿಯನ್ನು ಮೆತ್ತನೆ ಬ್ರಷ್‌ನಿಂದ ಪೂರ್ತಿ ಉಜ್ಜಿ ತೆಗೆಯಿರಿ. ಪೂರ್ತಿ ಅಂದರೆ ಪೂರ್ತಿ. ಪುಡಿಯ ಮೇಲೆ ಅಂಟು ಹಚ್ಚಿದರೆ ಅಂಟು ಪುಡಿಗೆ ಹಿಡಿಯುತ್ತದೆ, ಹಲಗೆಗಲ್ಲ. ಹೊಸ ಬಟ್ಟೆಯೂ ಫೋಮ್ ಇರುವಂಥದ್ದೇ ಆಗಬೇಕು, ಇಲ್ಲದಿದ್ದರೆ ಹಲಗೆಯ ಉಬ್ಬುತಗ್ಗೆಲ್ಲ ಕಾಣುತ್ತದೆ. ಬಟ್ಟೆಯನ್ನು ಹಲಗೆ ಮೇಲೆ ಹಾಸಿ, ಅರ್ಧ ಹಿಂದಕ್ಕೆ ಮಡಚಿ, ಎರಡಕ್ಕೂ ಸ್ಪ್ರೇ ಅಂಟು ಹೊಡೆದು, ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರುತ್ತಾ ಬನ್ನಿ. ಆಮೇಲೆ ಇನ್ನರ್ಧ. ಗುಂಡಿ ಇದ್ದಲ್ಲಿ ಬಟ್ಟೆಯನ್ನು ಆಚೆ ದಡಕ್ಕೆ ಎಳೆದು ಹಾಯಿಸಬೇಡಿ, ಗುಂಡಿಯ ತಳಕ್ಕೆ ಇಳಿಸಿ ಒತ್ತಿ.

ಮತ್ತೆ ಜೋಡಿಸುವುದು

ಕಂಬಿ ಬಗೆಗೇ ವಾಪಸ್ ಬರೋಣ. ಅಂಚು ಕತ್ತರಿಸಿದ ಮೇಲೆ ಗಾಜು ಕೂರಿಸಿ. ಗಾಜಿಗೆ ರಬ್ಬರ್ ಹಾಕಿ, ರಬ್ಬರಿನ ಕಾಲುವೆಯಲ್ಲಿ ಸುತ್ತಲೂ ಒಂದು ಗಟ್ಟಿ ಹುರಿ ಇಡಿ, ಎರಡು ತುದಿ ಒಳಗೆ ಬರಲಿ. ಸೋಪಿನ ನೀರು ಸವರಿ. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿರುವಾಗ ಇನ್ನೊಬ್ಬರು ಒಳಗಿನಿಂದ ಹುರಿ ಎಳೆದರೆ ರಬ್ಬರಿನ ತುಟಿ ಅಂಚಿನ ಮೇಲೆ ಹತ್ತಿ ಕೂರುತ್ತದೆ. ಆಮೇಲೆ ಬಾಗಿಲಿನ ಬೀಡಿಂಗ್, ಹಿಡಿಕೆ, ಕನ್ನಡಿ, ವೈಸರ್. ಗುಳ್ಳೆ ಸಿಕ್ಕಲ್ಲಿ ಬ್ಲೇಡಿನ ಮೊನೆಯಿಂದ ಚಿಕ್ಕ ಸೀಳು ಕೊಟ್ಟು ಸ್ಕ್ರೂ ಹೊರಗೆ ತಿರುಗಿಸಿ ತೆಗೆಯಿರಿ, ಅದೇ ತೂತಿಗೆ ವೈಸರ್ ಕೂರಿಸಿ.

ದೀಪದ ಜಾಗ ಎಲ್ಲಕ್ಕಿಂತ ಕೊನೆಗೆ. ಬಟ್ಟೆ ಪೂರ್ತಿ ಬಿಗಿಯಾಗಿ ನಿಂತ ಮೇಲೆ ಬೆರಳಿಂದ ದೀಪದ ಚೌಕಟ್ಟು ತಡವಿ ನೋಡಿ, ನಟ್ಟನಡುವೆ ಚಿಕ್ಕದೊಂದು ಕೂಡಿಸುವ ಗುರುತಿನಂತೆ (+) ಕೊಯ್ಯಿರಿ. ತಂತಿ ಹೊರಗೆ ಎಳೆದು, ಬೇಕಾದಷ್ಟೇ ಮೂಲೆಗಳ ಕಡೆಗೆ ಕೊಯ್ದು, ಅಂಚುಗಳನ್ನು ಚೌಕಟ್ಟಿನ ಒಳಗೆ ಮಡಚಿ ದೀಪ ಕೂರಿಸಿ. ಬ್ಯಾಟರಿ ತಂತಿ ಸಿಕ್ಕಿಸಿ, ಬಾಗಿಲು ತೆರೆದು ದೀಪ ಹತ್ತಿತೇ ನೋಡಿ.