ರೌಟರ್ ಬಳಕೆ: ಸ್ವಿಚ್ ಒತ್ತುವ ಮೊದಲೇ ದಿಕ್ಕು ತಿಳಿದಿರಲಿ

ದಾರಂದದ ಅಂಚನ್ನು ಉರುಟಾಗಿಸಲು, ಕಪಾಟಿನ ಹಲಗೆ ಕೂರುವ ಗ್ರೂವ್ ಕೊರೆಯಲು, ಬಾಗಿಲಿನ ಚೌಕಟ್ಟಿಗೆ ಮೋಲ್ಡಿಂಗ್ ಹೊಡೆಯಲು ಉಳಿ ಮತ್ತು ಕೀಸುಳಿಗಳ ಜಾಗದಲ್ಲಿ ಈಗ ರೌಟರ್ ಎಂಬ ವಿದ್ಯುತ್ ಕೈಯಂತ್ರ ಬಂದಿದೆ. ಬದಿಯಡ್ಕ, ಪೆರ್ಲ, ಉಪ್ಪಳದ ಕಡೆಯ ಮರದ ಕೆಲಸದ ಶೆಡ್ಡುಗಳಲ್ಲಷ್ಟೇ ಅಲ್ಲ, ಹವ್ಯಾಸಕ್ಕೆಂದು ಮನೆಯ ಹಿಂಬದಿಯ ಚಾವಡಿಯಲ್ಲಿ ಕೆಲಸ ಮಾಡುವವರ ಕೈಗೂ ಟ್ರಿಮ್ಮರ್ ಎಂಬ ಸಣ್ಣ ರೌಟರ್ ಸುಲಭವಾಗಿ ತಲಪಿದೆ. ಡ್ರಿಲ್ಲಿನಷ್ಟೇ ಸಾಧುವಾಗಿ ಕಾಣುವ ಈ ಯಂತ್ರವು ನಿಮಿಷಕ್ಕೆ 10,000ದಿಂದ 30,000 ಸುತ್ತು ತಿರುಗುತ್ತದೆ. ಮರವನ್ನು ಬದಿಯಿಂದ ಕಡಿಯುವುದರಿಂದ, ತಪ್ಪು ದಿಕ್ಕಿನಲ್ಲಿ ತಳ್ಳಿದರೆ ಹಿಡಿದವನನ್ನೇ ಎಳೆದುಕೊಂಡು ಓಡುತ್ತದೆ.

ಮರ ಕಡಿಯುವ ಅಲಗಿನ ತುಂಡಾದ ಬಿಟ್ ಕೂರಿಸುವ ಮೊದಲು ಪ್ಲಗ್ಗನ್ನು ಸಾಕೆಟ್‌ನಿಂದ ಎಳೆದು, ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಡಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು. ಬಿಟ್‌ನ ದಂಡು, ಅಂದರೆ ಅಲಗಿಲ್ಲದ ದುಂಡು ಕಂಬಿ, ಮತ್ತು ಅದನ್ನು ಕಚ್ಚಿ ಹಿಡಿಯುವ ಕೊಲೆಟ್ ಒಂದೇ ಅಳತೆಯವೇ ಎಂದು ನೋಡಿ. ಪೇಟೆಯಲ್ಲಿ 6 ಮಿ.ಮೀ. ದಂಡೂ ಸಿಗುತ್ತದೆ, ಕಾಲು ಇಂಚಿನ, ಅಂದರೆ 6.35 ಮಿ.ಮೀ.ನ ದಂಡೂ ಸಿಗುತ್ತದೆ, 12 ಮಿ.ಮೀ. ಮತ್ತು ಅರ್ಧ ಇಂಚಿನ ನಡುವೆಯೂ ಇದೇ ಗೊಂದಲ. ಕಾಲು ಇಂಚಿನ ಕೊಲೆಟ್‌ಗೆ 6 ಮಿ.ಮೀ. ದಂಡು ಹಾಕಿ ಎಷ್ಟೇ ಬಿಗಿದರೂ ಕೆಲಸದ ನಡುವೆ ಅದು ಜಾರಿ ಹೊರಬರಬಹುದು. ದಂಡನ್ನು ತಳಕ್ಕೆ ತಾಗುವವರೆಗೆ ಇಳಿಸಿ, ಎರಡು ಮೂರು ಮಿ.ಮೀ. ಮೇಲಕ್ಕೆತ್ತಿ, ನಂತರ ಸ್ಪ್ಯಾನರಿನಿಂದ ಬಿಗಿಯಬೇಕು. ಹೆಚ್ಚು ಆಳ ಬೇಕೆಂಬ ಆಸೆಯಿಂದ ದಂಡಿನ ತುದಿಯನ್ನಷ್ಟೇ ಕಚ್ಚಿಸುವುದು ದೊಡ್ಡ ಅಪಾಯ. ಕನಿಷ್ಠ ಮುಕ್ಕಾಲು ಭಾಗವಾದರೂ ಕೊಲೆಟ್‌ನ ಒಳಗಿರಲಿ.

ಕಾಸರಗೋಡಿನ ಮಳೆಗಾಲದಲ್ಲಿ ಇನ್ನೊಂದು ಅಪಾಯವಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಕೆಲಸದ ನಡುವೆ ಕರೆಂಟು ಹೋಗುತ್ತದೆ, ಸ್ವಿಚ್ ಆನ್ ಆಗಿಯೇ ಉಳಿದಿರುತ್ತದೆ, ಮೇಜಿನ ಮೇಲೆ ಒರಗಿಸಿಟ್ಟ ಯಂತ್ರವನ್ನು ಮರೆತು ನಾವು ಚಹಾಕ್ಕೆ ಹೋಗುತ್ತೇವೆ. ಕರೆಂಟು ಮರಳಿ ಬಂದ ಕ್ಷಣದಲ್ಲಿ ಆ ಯಂತ್ರ ತಾನಾಗಿಯೇ ತಿರುಗತೊಡಗಿ ಮೇಜಿನಿಂದ ಹಾರುತ್ತದೆ. ತಾನಾಗಿ ಮತ್ತೆ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ ಕೆಲವು ದುಬಾರಿ ಯಂತ್ರಗಳಲ್ಲಿದ್ದರೂ ಅಗ್ಗದ ಟ್ರಿಮ್ಮರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಕರೆಂಟು ಹೋದೊಡನೆ ಮೊದಲು ಸ್ವಿಚ್, ಮತ್ತೆ ಪ್ಲಗ್, ಚಹಾ ಆಮೇಲೆ. ಶೆಡ್ಡಿನ ಲೈನಿಗೆ ಕರೆಂಟು ಸೋರಿದೊಡನೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇರಲಿ, ಒದ್ದೆ ನೆಲದ ಮೇಲೆ ಎಕ್ಸ್‌ಟೆನ್ಶನ್ ವಯರಿನ ಜೋಡಣೆಗಳು ಬಿದ್ದಿರದಿರಲಿ.

ಉಡುಪಿನ ವಿಷಯ ಚಿಕ್ಕದು. ಹೆಗಲ ಮೇಲಿನ ಬೈರಾಸು, ಸಡಿಲವಾದ ತೋಳು, ಇಳಿಬಿದ್ದ ಲುಂಗಿಯ ಅಂಚು ಯಾವುದೂ ಬೇಡ. ಕೈಗವಸನ್ನೂ ಹಾಕಬಾರದು, ಏಕೆಂದರೆ ಅದರ ಒಂದು ಎಳೆ ಬಿಟ್‌ಗೆ ಸಿಕ್ಕಿದರೆ ಕೈಯೂ ಹಿಂದೆಯೇ ಹೋಗುತ್ತದೆ. ಬದಿ ಮುಚ್ಚುವ ಕನ್ನಡಕ, ಕಿವಿಗೆ ರಕ್ಷಣೆ ಮತ್ತು ಮುಖಕ್ಕೆ ಸರಿಯಾಗಿ ಕೂರುವ ದೂಳಿನ ಮಾಸ್ಕ್ ಕಡ್ಡಾಯ. ಮರದ ದೂಳು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ, ಮತ್ತು ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ನುಣುಪಾದ ದೂಳಿಗೆ ಬೈರಾಸು ಕಟ್ಟಿಕೊಂಡರೆ ಪ್ರಯೋಜನವಿಲ್ಲ.

ಮರವನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ಒತ್ತಿ ಹಿಡಿಯದೆ, ಕನಿಷ್ಠ ಎರಡು ಕ್ಲ್ಯಾಂಪ್ ಹಾಕಿ ಮೇಜಿಗೆ ಬಿಗಿಯಬೇಕು. ಹಳೆಯ ಮನೆ ಕೆಡವಿದಾಗ ಸಿಕ್ಕ ತೇಗದ ಅಥವಾ ಹಲಸಿನ ಮರವನ್ನು ಮತ್ತೆ ಬಳಸುವುದು ನಮ್ಮ ಕಡೆ ವಾಡಿಕೆ. ಅದರಲ್ಲಿ ತುಕ್ಕು ಹಿಡಿದು ಮೇಲ್ಮೈಯ ಕೆಳಗೆ ಮುರಿದುಹೋದ ಮೊಳೆಗಳಿರುತ್ತವೆ. ಕಪ್ಪು ಕಲೆ ಕಂಡಲ್ಲೆಲ್ಲ ಅಯಸ್ಕಾಂತ ಆಡಿಸಿ ನೋಡದೆ ಬಿಟ್ ಇಳಿಸಬೇಡಿ.

ಇನ್ನು ದಿಕ್ಕು. ಕೈಯಲ್ಲಿ ಹಿಡಿದ ರೌಟರಿನ ಬಿಟ್, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ಹಲಗೆ ನಿಮ್ಮ ಮುಂದಿದ್ದು, ನಿಮ್ಮ ಕಡೆಯ ಅಂಚನ್ನು ಹೊಡೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮರಕ್ಕೆ ತಾಗುವ ಬದಿಯಲ್ಲಿ ಬಿಟ್‌ನ ಅಲಗು ಬಲಕ್ಕೆ ಚಲಿಸುವುದರಿಂದ ಮರದ ಪ್ರತಿರೋಧ ಯಂತ್ರವನ್ನು ಎಡಕ್ಕೆ ತಳ್ಳುತ್ತದೆ. ಅದಕ್ಕೆ ಎದುರಾಗಿ, ಎಡದಿಂದ ಬಲಕ್ಕೆ ಸಾಗಿಸಿದರೆ ಯಂತ್ರದ ಭಾರವೆಲ್ಲ ನಿಮ್ಮ ಹತೋಟಿಯಲ್ಲಿರುತ್ತದೆ. ಬಲದಿಂದ ಎಡಕ್ಕೆ ಹೋದರೆ ಅಲಗುಗಳು ಚಕ್ರದಂತೆ ಮರದ ಮೇಲೆ ಉರುಳಿ ಯಂತ್ರ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ.

ನೆನಪಿಡಲು ಸುಲಭದ ಉಪಾಯವೊಂದಿದೆ. ಬಲಗೈಯನ್ನು ಅಂಗೈ ಕೆಳಗಾಗಿ ಚಾಚಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಲಂಬಕೋನದಲ್ಲಿ ಇಡಿ. ಹೆಬ್ಬೆರಳನ್ನು ಕಡಿಯಬೇಕಾದ ಮರದ ಕಡೆಗೆ ತಿರುಗಿಸಿದರೆ ತೋರುಬೆರಳು ತೋರಿಸುವುದೇ ಸಾಗಿಸುವ ದಿಕ್ಕು. ಹೊರ ಅಂಚಿನ ನಾಲ್ಕೂ ಬದಿಗಳನ್ನು ಹೊಡೆಯುವಾಗ ಇದು ನಿಮ್ಮನ್ನು ಅಪ್ರದಕ್ಷಿಣೆಯಾಗಿಯೂ, ಕಿಟಕಿ ಚೌಕಟ್ಟಿನ ಒಳ ಅಂಚಿನಲ್ಲಿ ಪ್ರದಕ್ಷಿಣೆಯಾಗಿಯೂ ಒಯ್ಯುತ್ತದೆ. ನಾಲ್ಕು ಬದಿಗಳಲ್ಲಿ ಮೊದಲು ಅಡ್ಡ ನಾರಿನ ತುದಿಗಳನ್ನು ಹೊಡೆದು, ಉದ್ದದ ಬದಿಗಳನ್ನು ಕೊನೆಗೆ ಇಟ್ಟುಕೊಂಡರೆ ಮೂಲೆಯಲ್ಲಿ ಒಡೆದ ಚೂರುಗಳೂ ಮಾಯವಾಗುತ್ತವೆ.

ಹಲಗೆಯ ನಡುವೆ ಗ್ರೂವ್ ಕೊರೆಯುವಾಗ ಯಂತ್ರವನ್ನು ನಿಮ್ಮಿಂದ ದೂರಕ್ಕೆ ತಳ್ಳುತ್ತೀರಾದರೆ ನೇರ ಪಟ್ಟಿಯನ್ನು ಎಡಬದಿಗೆ ಬಿಗಿಯಬೇಕು, ಏಕೆಂದರೆ ಯಂತ್ರ ವಾಲುವುದು ಎಡಕ್ಕೆ. ಪಟ್ಟಿ ಬಲಕ್ಕಿದ್ದರೆ ಗೆರೆ ಡೊಂಕಾಗುತ್ತದೆ. ಕೈಗೆಷ್ಟು ಬಲವಿದ್ದರೂ ಅಷ್ಟೇ. ಯಂತ್ರವನ್ನು ತಲೆಕೆಳಗಾಗಿ ಮೇಜಿಗೆ ಜೋಡಿಸಿದವರಿಗೆ ಲೆಕ್ಕ ತಿರುಗುಮುರುಗು: ಅಲ್ಲಿ ಮರವನ್ನು ಬಲದಿಂದ ಎಡಕ್ಕೆ ತಳ್ಳಬೇಕು, ಬಿಟ್ ಮತ್ತು ಮರ ಒರಗಿ ಸಾಗುವ ಬೇಲಿಪಟ್ಟಿಯ ಸಂದಿಯಲ್ಲಿ ಅದನ್ನು ಎಂದಿಗೂ ತೂರಿಸಬಾರದು.

ಆಳವನ್ನು ಒಂದೇ ಸಲಕ್ಕೆ ತೆಗೆಯುವ ಅವಸರ ಬೇಡ. ಗಟ್ಟಿ ಮರದಲ್ಲಿ ಸಣ್ಣ ಯಂತ್ರಕ್ಕೆ ಒಂದು ಸಲಕ್ಕೆ 2-3 ಮಿ.ಮೀ. ಸಾಕು. ಬಿಟ್ ಅಗಲವಾದಷ್ಟೂ ವೇಗ ತಗ್ಗಬೇಕು: 50 ಮಿ.ಮೀ.ನ ಬಿಟ್ 24,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 225 ಕಿ.ಮೀ. ವೇಗದಲ್ಲಿರುತ್ತದೆ. ಅಂಥ ಬಿಟ್‌ಗೆ 12,000 ಸುತ್ತಿನ ಆಸುಪಾಸು ಸಾಕು; ಬಿಟ್ ಮೇಲೆ ಗರಿಷ್ಠ ವೇಗ ಕೆತ್ತಿದ್ದರೆ ಅದನ್ನು ಮೀರಬಾರದು. ಮರ ಕಂದಿ ಹೊಗೆ ವಾಸನೆ ಬಂದರೆ ಬಿಟ್ ಮೊಂಡಾಗಿದೆ ಅಥವಾ ನೀವು ಒಂದೇ ಕಡೆ ನಿಂತಿದ್ದೀರಿ ಎಂದರ್ಥ. ತೇಗದಲ್ಲಿ ಸಿಲಿಕಾ ಇರುವುದರಿಂದ ಕಾರ್ಬೈಡ್ ಅಲಗೂ ಬೇಗ ಮೊಂಡಾಗುತ್ತದೆ, ಆಗ ಒತ್ತಿ ತಳ್ಳುವುದಕ್ಕಿಂತ ಬಿಟ್ ಬದಲಿಸುವುದು ಅಗ್ಗ.

ಚಾಲೂ ಮಾಡುವಾಗ ಬಿಟ್ ಮರಕ್ಕೆ ತಾಗಿರಬಾರದು, ಪೂರ್ಣ ವೇಗ ಬಂದ ಮೇಲೆ ಮರಕ್ಕೆ ತಾಗಿಸಿ. ಮುಗಿದ ಮೇಲೆ ಸ್ವಿಚ್ ಆರಿಸಿ, ಬಿಟ್ ಪೂರ್ತಿ ನಿಂತ ನಂತರವೇ ಯಂತ್ರವನ್ನು ಕೆಳಗಿಡಿ. ಬಿಟ್ ಆಗ ಕೈ ಸುಡುವಷ್ಟು ಬಿಸಿಯಾಗಿರುತ್ತದೆ, ಆರಿದ ಬಳಿಕ ತೆಗೆದು, ಕೊಲೆಟ್‌ನ ಒಳಗಿನ ದೂಳನ್ನು ಒರಸಿ, ಬಿಟ್‌ಗೆ ತೆಳುವಾಗಿ ಎಣ್ಣೆ ಸವರಿ ಡಬ್ಬಿಗೆ ಹಾಕಿಡಿ. ಮಳೆಗಾಲದ ಆಟಿ ತಿಂಗಳ ತೇವಕ್ಕೆ ದಂಡಿನ ಮೇಲೆ ತುಕ್ಕು ಹಿಡಿದರೆ ಕೊಲೆಟ್‌ನ ಹಿಡಿತವೂ ಕೆಡುತ್ತದೆ.