ಲೈಂಗಿಕ ಒಲವು: ಸ್ವಯಂ ಅವಲೋಕನದ ಆನ್‌ಲೈನ್ ಪ್ರಶ್ನಾವಳಿ ರೂಪಿಸುವುದು ಹೇಗೆ?

‘ನೀವು ಗೇ ಹೌದೋ ಅಲ್ಲವೋ, ಎರಡೇ ನಿಮಿಷದಲ್ಲಿ ತಿಳಿಯಿರಿ’ ಎನ್ನುವ ಕ್ವಿಜ್‌ಗಳಿಗೆ ಜಾಲತಾಣಗಳಲ್ಲಿ ಬರವಿಲ್ಲ. ಆದರೆ ಯಾವ ಪ್ರಶ್ನಾವಳಿಯೂ ಒಬ್ಬರ ಒಲವನ್ನು ಪತ್ತೆಹಚ್ಚಿ ತೀರ್ಪು ಕೊಡಲಾರದು. ಮನಸ್ಸಿನಲ್ಲಿ ಗೋಜಲಾಗಿರುವುದನ್ನು ಎಳೆಯೆಳೆಯಾಗಿ ಬಿಡಿಸಿ ನೋಡಲು ಅದು ನೆರವಾಗಬಹುದು, ಅಷ್ಟೇ. ಉತ್ತರಿಸಿದವರ ಗುಟ್ಟು ಅವರ ಫೋನಿನಿಂದಾಚೆ ಹೋಗದಂತೆ ಕಾಯುವುದೂ ರೂಪಿಸುವವರದೇ ಹೊಣೆ.

ಮೊದಲು, ಏನನ್ನು ಕೇಳಬೇಕೆಂದು ತೀರ್ಮಾನಿಸಿ

1948ರಲ್ಲಿ ಅಮೆರಿಕದ ಲೈಂಗಿಕತೆಯ ಸಂಶೋಧಕ ಆಲ್ಫ್ರೆಡ್ ಕಿನ್ಸಿ ಮತ್ತು ಸಂಗಡಿಗರು ಮುಂದಿಟ್ಟದ್ದು 0ಯಿಂದ (ಪೂರ್ತಿ ಭಿನ್ನಲಿಂಗ ಒಲವು) 6ರವರೆಗಿನ (ಪೂರ್ತಿ ಸಲಿಂಗ ಒಲವು) ಒಂದೇ ಗೆರೆಯ ಅಳತೆ. ಅದರಲ್ಲಿ ಒಂದು ಕಡೆಯ ಸೆಳೆತ ಏರಿದರೆ ಇನ್ನೊಂದು ಕಡೆಯದು ಇಳಿಯಲೇಬೇಕು. ಗಂಡು, ಹೆಣ್ಣು ಇಬ್ಬರತ್ತಲೂ ಗಾಢ ಸೆಳೆತವಿರುವವರೂ ಇಬ್ಬರತ್ತಲೂ ಮಂದ ಸೆಳೆತವಿರುವವರೂ ಅಲ್ಲಿ ನಡುವಿನ 3ಕ್ಕೇ ಬಂದು ನಿಲ್ಲುತ್ತಾರೆ. 1980ರಲ್ಲಿ ಮನಶ್ಶಾಸ್ತ್ರಜ್ಞ ಮೈಕೆಲ್ ಸ್ಟಾರ್ಮ್ಸ್ ಎರಡೂ ಕಡೆಯ ಸೆಳೆತವನ್ನು ಪ್ರತ್ಯೇಕವಾಗಿ ಅಳೆಯುವ ಮಾದರಿ ಕೊಟ್ಟರು. ಅದನ್ನೇ ಅನುಸರಿಸಿ. ಮನೋವೈದ್ಯ ಫ್ರಿಟ್ಜ್ ಕ್ಲೈನ್ ಅವರು ಒಲವನ್ನು ಅಳೆಯಲು ರೂಪಿಸಿದ ಕೋಷ್ಟಕದಲ್ಲಿ ಏಳು ಅಂಶಗಳು, ಹಿಂದೆ–ಇಂದು–ಆದರ್ಶ ಎಂಬ ಮೂರು ಕಾಲಗಳು, ಒಟ್ಟು 21 ಮನೆಗಳು. ಫೋನಿನ ಪರದೆಯಲ್ಲಿ ಅಷ್ಟನ್ನು ತುಂಬುವ ತಾಳ್ಮೆ ಯಾರಿಗೂ ಇರದು.

12 ಪ್ರಶ್ನೆ ಸಾಕು. ಲೈಂಗಿಕ ಸೆಳೆತ, ಪ್ರೇಮಭಾವ, ಕಲ್ಪನೆ ಈ ಮೂರನ್ನು ಗಂಡು, ಹೆಣ್ಣು, ಇವೆರಡಕ್ಕೂ ಸೇರದವರು ಎಂದು ಬೇರೆ ಬೇರೆ ಕೇಳಿದರೆ 9. ಉಳಿದ ಮೂರು: ಇದು ಕಾಲಕ್ರಮದಲ್ಲಿ ಬದಲಾಗಿದೆಯೇ, ತಮ್ಮನ್ನು ಯಾವುದಾದರೂ ಹೆಸರಿನಿಂದ ಗುರುತಿಸಿಕೊಳ್ಳಲು ಇಷ್ಟವೇ, ಇದನ್ನು ಹೇಳಿಕೊಳ್ಳಬಲ್ಲ ಒಬ್ಬರಾದರೂ ಇದ್ದಾರೆಯೇ. ಯಾರೊಂದಿಗೆ ಮಲಗಿದ್ದೀರಿ, ಮದುವೆಯಾಗಿದೆಯೇ ಎಂಬುದು ಬೇಡ. ಮನೆಯವರು ನೋಡಿದ ಸಂಬಂಧಕ್ಕೆ ಒಪ್ಪಿ ಸಂಸಾರ ನಡೆಸುತ್ತಿರುವವರ ನಡೆಯಿಂದ ಅವರ ಸೆಳೆತವನ್ನು ಊಹಿಸಲಾಗದು. ಕ್ರಿಕೆಟ್ ಇಷ್ಟವೋ ಅಡುಗೆ ಇಷ್ಟವೋ, ಉಡುಪು ಎಂಥದ್ದು ಎಂಬ ಪ್ರಶ್ನೆಗಳಂತೂ ಒಲವಿಗೆ ಸಂಬಂಧಿಸಿದವೇ ಅಲ್ಲ.

ಪ್ರಶ್ನೆಯ ಮಾತು

ಒಂದು ಪ್ರಶ್ನೆಯಲ್ಲಿ ಒಂದೇ ವಿಷಯವಿರಲಿ. ‘ಹೆಂಗಸರ ಮೇಲೆ ಪ್ರೀತಿ, ಕಾಮನೆ ಮೂಡುತ್ತದೆಯೇ?’ ಎಂದು ಕೇಳಿದರೆ ಪ್ರೀತಿ ಮಾತ್ರ ಇರುವವರು ಏನೆಂದು ಒತ್ತಬೇಕು? ‘ಕಳೆದ ಒಂದು ವರ್ಷದಲ್ಲಿ ಯಾವುದಾದರೂ ಹೆಂಗಸಿನ ಬಗ್ಗೆ ಲೈಂಗಿಕ ಸೆಳೆತ ಅನುಭವಕ್ಕೆ ಬಂದಿದೆಯೇ?’ ಎಂದು ಕಾಲಮಿತಿಯೊಂದಿಗೆ ಕೇಳಿ. ಆಯ್ಕೆಗಳು: ಇಲ್ಲವೇ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ಬಹಳ ಸಲ. ಇವುಗಳಿಂದ ತುಸು ದೂರದಲ್ಲಿ ‘ಗೊತ್ತಾಗುತ್ತಿಲ್ಲ’ ಮತ್ತು ‘ಬಿಟ್ಟು ಮುಂದೆ ಹೋಗುವೆ’.

ಇಲ್ಲೇ ಒಂದು ದೊಡ್ಡ ತಪ್ಪು ನುಸುಳುತ್ತದೆ. ಬಿಟ್ಟ ಪ್ರಶ್ನೆಗೆ ಕೋಡ್‌ನಲ್ಲಿ 0 ಅಂಕ ಬಿದ್ದರೆ, ಉತ್ತರಿಸಲು ಹಿಂಜರಿದವರಿಗೆ ‘ಸೆಳೆತವೇ ಇಲ್ಲ’ ಎಂಬ ಫಲಿತಾಂಶ ಬರುತ್ತದೆ. ಖಾಲಿಯನ್ನು ಖಾಲಿಯೆಂದೇ ಇಡಿ.

ಫಲಿತಾಂಶದ ಪುಟ

‘ನೀವು ಶೇ 72ರಷ್ಟು ಗೇ’ ಎಂದು ಬರೆಯಬೇಡಿ. ಪ್ರೇಮ, ಕಲ್ಪನೆ, ಸೆಳೆತಗಳನ್ನು ಕೂಡಿಸಿ ಭಾಗಿಸಿದ ಆ ಅಂಕಿಗೆ ಅರ್ಥವಿಲ್ಲ. ಆದರೆ ಹೆದರಿದವರು ಅದನ್ನೇ ಸತ್ಯವೆಂದು ನಂಬುತ್ತಾರೆ. ಬದಲಿಗೆ ಅವರ ಉತ್ತರವನ್ನೇ ಮರಳಿ ಹೇಳಿ: ‘ಗಂಡಸರ ಬಗ್ಗೆ ಪ್ರೇಮಭಾವ ಆಗಾಗ, ಲೈಂಗಿಕ ಸೆಳೆತ ಅಪರೂಪಕ್ಕೆ ಎಂದು ಗುರುತಿಸಿದ್ದೀರಿ. ಇವೆರಡೂ ಒಂದೇ ದಿಕ್ಕಿನಲ್ಲಿರಬೇಕೆಂದಿಲ್ಲ.’ ‘ಮತ್ತೆ ಪ್ರಯತ್ನಿಸಿ’ ಗುಂಡಿ ಬೇಡ. ಗೀಳು ಕಾಯಿಲೆ (ಒಸಿಡಿ) ಇರುವ ಕೆಲವರನ್ನು ಇದೇ ಅನುಮಾನ ಕಾಡುತ್ತದೆ. ಖಾತರಿಗಾಗಿ ಮರಳಿ ಮರಳಿ ಪರೀಕ್ಷಿಸಿಕೊಂಡಷ್ಟೂ ಗೀಳು ಬಲಿಯುತ್ತದೆ.

ಕೊನೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಕೊಡಿ, ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಸಲಿಂಗ ಒಲವು ಕಾಯಿಲೆಯಲ್ಲ, 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವೂ ಅಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ‘ಸರಿಪಡಿಸುತ್ತೇವೆ’ ಎನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದಿದೆ. ಇದನ್ನು ಓದುವ ಅಗತ್ಯ ಬಹಳ ಜನರಿಗಿದೆ.

ಗುಟ್ಟು ಕಾಯುವ ಕೆಲಸ

ಗೂಗಲ್ ಫಾರ್ಮ್ ಬಳಸಬೇಡಿ, ಉತ್ತರಗಳು ನಿಮ್ಮ ಖಾತೆಯಲ್ಲಿ ಉಳಿಯುತ್ತವೆ. ಲೆಕ್ಕಾಚಾರವೆಲ್ಲ ಬ್ರೌಸರ್‌ನೊಳಗೇ ಜಾವಾಸ್ಕ್ರಿಪ್ಟ್‌ನಲ್ಲಿ ನಡೆಯಲಿ, ಸರ್ವರ್‌ಗೆ ಏನೂ ಹೋಗದಿರಲಿ. ಜಾಹೀರಾತು, ಬಳಸುವವರ ಜಾಡು ಹಿಡಿಯುವ ಟ್ರ್ಯಾಕರ್, ಹೊರಗಿನಿಂದ ತರಿಸುವ ಫಾಂಟ್ ಯಾವುದೂ ಬೇಡ. ಫಲಿತಾಂಶ ವೆಬ್ ವಿಳಾಸದಲ್ಲಿ ಸೇರಿದರೆ ಬ್ರೌಸರ್ ಇತಿಹಾಸದಲ್ಲಿ ದಾಖಲಾಗುತ್ತದೆ. ಅಣ್ಣತಮ್ಮಂದಿರೆಲ್ಲ ಒಂದೇ ಫೋನ್ ಬಳಸುವ ಮನೆಯಲ್ಲಿ ಅಷ್ಟೇ ಸಾಕು ಅನಾಹುತಕ್ಕೆ. ಆದ್ದರಿಂದ ಪುಟದ ಶೀರ್ಷಿಕೆಯೂ ವಿಳಾಸವೂ ‘ನನ್ನ ಟಿಪ್ಪಣಿ’ಯಂತೆ ಸಾದಾ ಆಗಿರಲಿ. ಒಮ್ಮೆ ಒತ್ತಿದರೆ ಹವಾಮಾನದ ಪುಟಕ್ಕೆ ಜಿಗಿಯುವ ‘ಹೊರಡಿ’ ಗುಂಡಿ ಪ್ರತಿ ಪರದೆಯ ಮೇಲ್ಗಡೆ ಇರಲಿ. ಆ ಗುಂಡಿಗೆ ಜಾವಾಸ್ಕ್ರಿಪ್ಟ್‌ನ ಲೊಕೇಶನ್ ರಿಪ್ಲೇಸ್ (location.replace) ಆದೇಶ ಬಳಸಿದರೆ ಹಿಂದಕ್ಕೆ ಒತ್ತಿದಾಗ ಪ್ರಶ್ನಾವಳಿ ಮತ್ತೆ ತೆರೆಯದು. ಆದರೂ ಇತಿಹಾಸ ಪೂರ್ತಿ ಅಳಿಯುವುದಿಲ್ಲ ಎಂದು ಮೊದಲ ಪರದೆಯಲ್ಲೇ ತಿಳಿಸಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಕೇಳುತ್ತದೆ. ಈ ವಿಷಯದಲ್ಲಿ ಹೆತ್ತವರನ್ನು ಕೇಳುವುದೆಂದರೆ ಆ ಹುಡುಗ ಅಥವಾ ಹುಡುಗಿಯ ಗುಟ್ಟು ಒಡೆದಂತೆಯೇ. ಏನನ್ನೂ ಸಂಗ್ರಹಿಸದಿರಲು ಇದೇ ಬಲವಾದ ಕಾರಣ.

ಬಿಡುಗಡೆಗೆ ಮುನ್ನ

ಬೇರೆ ಬೇರೆ ಊರಿನ ಐದಾರು ಮಂದಿಯಿಂದ ಗಟ್ಟಿಯಾಗಿ ಓದಿಸಿ. ಅವರ ಸ್ವಂತ ಉತ್ತರ ಕೇಳಬೇಡಿ, ‘ಈ ಪ್ರಶ್ನೆ ನಿಮಗೆ ಹೇಗೆ ಅರ್ಥವಾಯಿತು?’ ಎಂದಷ್ಟೇ ಕೇಳಿ. ಮಂಗಳೂರಿನವರಿಗೂ ಕಲಬುರಗಿಯವರಿಗೂ ಒಂದೇ ಅರ್ಥ ಹೊಳೆಯದಿದ್ದರೆ ಪ್ರಶ್ನೆಯನ್ನು ತಿದ್ದಿ. ಆಮೇಲೆ ಕಡಿಮೆ ಬೆಲೆಯ ಫೋನೊಂದರಲ್ಲಿ ಪೂರ್ತಿ ಉತ್ತರಿಸಿ, ‘ಹೊರಡಿ’ ಒತ್ತಿ, ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು ಏನೇನು ಸಿಗುತ್ತದೆ ಎಂದು ಹುಡುಕಿಸಿ. ಸಾದಾ ಶೀರ್ಷಿಕೆಗಿಂತ ಹೆಚ್ಚಿನದೇನಾದರೂ ಸಿಕ್ಕರೆ ಪ್ರಶ್ನಾವಳಿ ಇನ್ನೂ ಸಿದ್ಧವಾಗಿಲ್ಲ.